ರಾಜ್‌ದೂತ್ 350: ಎಡಗಡೆ ಸಿಲಿಂಡರ್ ಸ್ಲೋದಾಗ ಹಿಡಿಯವಲ್ತು, ಕಾರ್ಬೋರೇಟರ್ ಮೂರು ಸಲ ಬಿಚ್ಚಿಸಿ ಆತು

ಸಾಧನಕೇರಿ 350 · ರವಿವಾರ ರಾತ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ನಮ್ಮ ಮಾಮಾಂದು, 1986ರ ರಾಜ್‌ದೂತ್ 350, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಬೈಕು, ಒಂದೊಂದಕ್ಕ ಒಂದೊಂದು ಕಾರ್ಬೋರೇಟರ್. ಮಾಮಾ ತೀರಿಕೊಂಡ ಮ್ಯಾಲ ಹಿತ್ತಲ ತಗಡಿನ ಶೆಡ್ಡಿನ್ಯಾಗ ಒಂಬತ್ತು ವರ್ಷ ನಿಂತಿತ್ತು. ಹೋದ ದೀಪಾವಳಿಗೆ ಅತ್ತಿ ಕೀಲಿಕೈ ನನ್ನ ಕೈಯಾಗಿಟ್ಟು, "ಮಾರಬ್ಯಾಡ, ನೀನ ಓಡಸು" ಅಂದ್ರು.

ಟ್ಯಾಂಕ್ ತೊಳಸೀನಿ, ಪೆಟ್ರೋಲ್ ಕಾಕ್ ಹೊಸಾದು, ಪ್ಲಗ್ ಎರಡೂ ಹೊಸಾವು. ನಾಕನೇ ಕಿಕ್ಕಿಗೆ ಸ್ಟಾರ್ಟ್ ಆಗತೈತಿ. ಆದ್ರ ಸ್ಲೋದಾಗ ಬರೇ ಬಲಗಡೆ ಸಿಲಿಂಡರ್ ಹೊಡಿತೈತಿ. ಐದು ನಿಮಿಷ ಓಡಿದ ಮ್ಯಾಲೂ ಎಡಗಡೆ ಸೈಲೆನ್ಸರ್ ತಣ್ಣಗ ಇರತೈತಿ, ಕೈ ಇಟ್ರೂ ಸುಡಂಗಿಲ್ಲ. ಅರ್ಧಕ್ಕಿಂತ ಜಾಸ್ತಿ ರೇಸ್ ಕೊಟ್ರ ಎಡಾನೂ ಒಮ್ಮೆಲೇ ಹಿಡದು ಗಾಡಿ ಮುಂದಕ್ಕ ಜಿಗಿತೈತಿ. ಟೋಲ್ ನಾಕಾ ಹತ್ರ ಟ್ರಾಫಿಕ್ಕಿನ್ಯಾಗ ಹಿಂಗ ಜಿಗದಾಗ ಎದಿ ಝಲ್ ಅಂತು.

ಒಂದು ಗ್ಯಾರೇಜಿನ್ಯಾಗ ಮೂರು ಸಲ ಕಾರ್ಬೋರೇಟರ್ ಕ್ಲೀನ್ ಮಾಡಿಸೀನಿ. ಮೂರನೇ ಸಲ ಅಲ್ಲಿ ಹುಡುಗ ಕ್ಲಚ್ ಕೇಬಲ್ಲಿನ ಒಂದು ಎಳಿ ತಗೊಂಡು ಜೆಟ್ಟಿನ್ಯಾಗ (ಪೆಟ್ರೋಲ್ ಅಳದು ಬಿಡೋ ಸಣ್ಣ ತೂತಿನ ಹಿತ್ತಾಳಿ ತುಂಡು) ಹಾಕಿ ತಿಕ್ಕಿದ. ಅದು ಸರಿ ಅನ್ನಿಸಲಿಲ್ಲ, ಗಾಡಿ ಮನಿಗೆ ತಂದೀನಿ. ಈಗ ನಾನ ಮಾಡಬೇಕಂತೀನಿ. ಎಲ್ಲಿಂದ ಹಿಡೀಲಿ?

ರಾಣೆಬೆನ್ನೂರ ಆರೆಕ್ಸ್ · ರವಿವಾರ ರಾತ್ರಿ

ಅಣ್ಣಾ, ನನ್ನ ಆರೆಕ್ಸ್ 100ಕ್ಕ ಹಿಂಗ ಆಗಿತ್ತು. ಹೊಸಾ ಕಾರ್ಬೋರೇಟರ್ ತರಿಸಿ ಹಾಕಿದೆ, ಕೆಲಸ ಮುಗೀತು. ನಿನಗ ಎರಡು ಬೇಕು, ಅಷ್ಟ. ಹಳೇದರ ಜೋಡಿ ಗುದ್ದಾಡೋದು ಬ್ಯಾಡ.

ಹಳೇಹುಬ್ಬಳ್ಳಿ ಮಿಸ್ತ್ರಿ · ಸೋಮವಾರ ಮುಂಜಾನೆ

ತಮ್ಮಾ, ಮೊದಲ ಒಂದು ಮಾತು. ಕಾರ್ಬೋರೇಟರ್ ಕೆಟ್ಟೇತಿ ಅಂತ ನನ್ನ ಹತ್ರ ಬಂದ ಗಾಡಿಗಳೊಳಗ ಸುಮಾರು ಅರ್ಧಕ್ಕ ಕಾರ್ಬೋರೇಟರ್ ಸರೀನ ಇರತಿತ್ತು. ಅದಕ್ಕ ಸ್ಕ್ರೂಡ್ರೈವರ್ ಹಿಡಿಯೋಕ್ಕಿಂತ ಮೊದಲ ಎರಡು ಪರೀಕ್ಷಾ ಮಾಡು.

ಒಂದು, ಎಡಗಡೆ ಪ್ಲಗ್ ಬಲಕ್ಕ, ಬಲಗಡೆದು ಎಡಕ್ಕ ಹಾಕು. ರೋಗ ಪ್ಲಗ್ಗಿನ ಜೋಡಿ ಬಲಕ್ಕ ಹೋತಂದ್ರ ಪ್ಲಗ್ಗಿಂದ ತಪ್ಪು. ಎಡದಾಗ ಉಳೀತಂದ್ರ ಪ್ಲಗ್ ಬಿಟ್ಟು ಮುಂದ ಹೋಗು. ಪ್ಲಗ್ ಕ್ಯಾಪಿನ್ಯಾಗ ಕಿಡಿ ನೀಲಿ ಬರತೈತೋ ಇಲ್ಲೋ ಅದನ್ನೂ ನೋಡಿಕೋ. ಆ ಎಂಜಿನ್ನಿಗೆ ಎಡಾ ಬಲಾ ಕಿಡಿ ಕೊಡೋ ಪಾಯಿಂಟ್ ಬ್ಯಾರೆ ಬ್ಯಾರೆ, ಕಾಯಿಲ್ಲೂ ಬ್ಯಾರೆ.

ಎರಡು, ಯಾವ ರೇಸಿನ್ಯಾಗ ತೊಂದರಿ ಅನ್ನೋದು ಹಿಡಿ. ಕಾರ್ಬೋರೇಟರ್ ಅಂದ್ರ ಒಂದ ಹಾದಿ ಅಲ್ಲ. ಸ್ಲೋದಿಂದ ಸುಮಾರು ಕಾಲು ರೇಸಿನ ತನಕ ಪೈಲಟ್ ಜೆಟ್, ಏರ್ ಸ್ಕ್ರೂ, ಆಮ್ಯಾಲ ಸ್ಲೈಡಿನ (ರೇಸ್ ಕೊಟ್ರ ಮ್ಯಾಲ ಏಳೋ ಬಾಗಲ) ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲು ತನಕ ನೀಡಲ್, ಅಂದ್ರ ಸ್ಲೈಡಿಗೆ ತೂಗುಬಿದ್ದ ಸೂಜಿ. ಮುಕ್ಕಾಲು ದಾಟಿದ್ರ ಮೇನ್ ಜೆಟ್. ನೀ ಹೇಳೂದ ನೋಡಿದ್ರ ಮ್ಯಾಲಿನ ಹಾದಿ ಚಲೋ ಐತಿ, ಕೆಳಗಿಂದು ಬಂದ್ ಆಗೇತಿ. ಪೈಲಟ್ ಹಾದಿ ಕಟ್ಟೇತಿ ಅಂತ ನನ್ನ ಅಂದಾಜು.

ರಾಣೆಬೆನ್ನೂರ ತಮ್ಮಾ, ನಿನ್ನ ಮಾತಿಗೆ ನನ್ನ ಒಪ್ಪಿಗಿ ಇಲ್ಲ. ಈಗ ಸಿಗೋ ನಕಲಿ ಮಾಲಿನ್ಯಾಗ ಜೆಟ್ಟಿನ ಮ್ಯಾಲ ಬರದ ನಂಬರ್ ಒಂದು, ತೂತು ಇನ್ನೊಂದು. ಒಂದು ಸಿಲಿಂಡರಿನ ಗಾಡಿಗೆ ಹೆಂಗೋ ಹೊಂದಿಸಬಹುದು. ಎರಡು ಇದ್ದಾಗ ಎರಡೂ ಒಂದ ಸಮ ಇರಬೇಕು. ಮೂಲ ಕಾರ್ಬೋರೇಟರಿನ ಮೈ ಒಡದಿಲ್ಲ, ಸ್ಲೈಡ್ ಸವದಿಲ್ಲ ಅಂದ್ರ ಅದನ್ನ ಉಳಸು.

ಸಾಧನಕೇರಿ 350 · ಮಂಗಳವಾರ ರಾತ್ರಿ

ಕಾಕಾರ, ಹೇಳಿದಂಗ ಮಾಡಿದೆ. ಪ್ಲಗ್ ಬದಲಿಸಿದ್ರೂ ರೋಗ ಎಡಕ್ಕ ಉಳೀತು. ಕಿಡಿ ಎರಡೂ ಕಡೆ ನೀಲಿ. ಇವತ್ತ ಎರಡೂ ಕಾರ್ಬೋರೇಟರ್ ತಗದೀನಿ.

ಎಡಗಡೆ ಬೌಲ್ (ಕೆಳಗ ಪೆಟ್ರೋಲ್ ನಿಲ್ಲೋ ಬಟ್ಟಲು) ತಗದಾಗ ಹಳೇ ವಾರ್ನಿಷಿನ ಹುಳಿ ವಾಸನಿ ಬಂತು. ಗ್ಯಾರೇಜಿನಾಂವ ಹೊರಗ ಥಳಥಳ ಹೊಳಿಯಂಗ ಒರಸಿದ್ದ, ಒಳಗ ಮೂಲಿ ಮೂಲಿಗೆ ಜೋನಿ ಬೆಲ್ಲದಂಥ ಕಂದು ಅಂಟು. ತಳದಾಗ ಬಿಳಿ ಪುಡಿ. ಪೈಲಟ್ ಜೆಟ್ ತಗದು ಟ್ಯೂಬ್‌ಲೈಟಿಗೆ ಹಿಡದೆ. ಬಲಗಡೆದರಾಗ ಸೂಜಿಮೊನಿಯಷ್ಟು ಬೆಳಕಿನ ಚುಕ್ಕಿ ದುಂಡಗ ಕಾಣತು. ಎಡಗಡೆದರಾಗ ಏನೂ ಇಲ್ಲ, ಕತ್ತಲಿ.

ಇನ್ನೊಂದು. ಎರಡೂ ಕಡೆ ಮೇನ್ ಜೆಟ್ಟಿನ ನಂಬರ್ ಬ್ಯಾರೆ ಬ್ಯಾರೆ ಅದಾವ್ರಿ! ಯಾವ ಕಾಲದಾಗ ಯಾರು ಹಾಕ್ಯಾರೋ.

ಹಳೇಹುಬ್ಬಳ್ಳಿ ಮಿಸ್ತ್ರಿ · ಬುಧವಾರ ಮುಂಜಾನೆ

ನಂಬರ್ ನೋಡಿದ್ದು ಭಾಳ ಚಲೋ ಆತು. ಎರಡಕ್ಕೂ ಪೈಲಟ್, ಮೇನ್ ಎರಡೂ ಜೋಡಿ ಹೊಸಾವು ಹಾಕು, ಮೂಲ ಕಂಪನಿದೇ ತರಸು. ತಂತಿ ಹಾಕಿದ ಜೆಟ್ ಮತ್ತ ನಂಬಬ್ಯಾಡ. ಯಾಕಂದ್ರ ಜೆಟ್ ಹಿತ್ತಾಳಿದು, ಮೆತ್ತಗ ಇರತೈತಿ. ಕೇಬಲ್ಲಿನ ಎಳಿ ಉಕ್ಕು. ಲೆಕ್ಕಾ ಹಾಕಿ ನೋಡು: 0.30 ಮಿಲಿಮೀಟರಿನ ತೂತು ತಿಕ್ಕಿ ತಿಕ್ಕಿ 0.33 ಆತಂದ್ರ ಕಣ್ಣಿಗೆ ಕಾಣಂಗಿಲ್ಲ. ಆದ್ರ ತೂತಿನ ಕ್ಷೇತ್ರ ನೂರಕ್ಕ ಇಪ್ಪತ್ತೊಂದು ಹೆಚ್ಚಾತು. ಆಮ್ಯಾಲ ಯಾವ ಸ್ಕ್ರೂ ತಿರುವಿದ್ರೂ ಆ ಗಾಡಿ ಸ್ಲೋ ಹಿಡಿಯಂಗಿಲ್ಲ. ಬಿಡಿಸಲೇಬೇಕಂದ್ರ ನೈಲಾನ್ ದಾರದ್ದು, ಬ್ರಷ್ಷಿನ ಕೂದಲದ್ದು ಬಳಸು, ಲೋಹ ಬ್ಯಾಡ.

ಈಗ ತೊಳಿಯೋದು. ಎರಡು ಸ್ಟೀಲ್ ತಾಟು ತಗೋ, ಒಂದರ ಮ್ಯಾಲ "ಎಡಾ", ಒಂದರ ಮ್ಯಾಲ "ಬಲಾ" ಅಂತ ಬರಿ. ಒಂದರ ಸಾಮಾನು ಇನ್ನೊಂದರಾಗ ಬೀಳಬಾರದು. ಸ್ಲೈಡ್ ಅದಲು ಬದಲಾದ್ರ ತಮ್ಮ ತಮ್ಮ ಮನಿಯೊಳಗ ಸವದ ಸಾಮಾನು ಸರಿ ಕೂಡಂಗಿಲ್ಲ. ಬೌಲಿನ ಸ್ಕ್ರೂ ಜಪಾನ್ ಅಳತಿವು. ನಮ್ಮ ಸಾದಾ ಪ್ಲಸ್ ಸ್ಕ್ರೂಡ್ರೈವರಿನ ತುದಿ ಚೂಪು ಜಾಸ್ತಿ, ತಳಕ್ಕ ಮುಟ್ಟಿ ಜಾರಿ ತಲಿ ತಿಂತೈತಿ. ತುದಿ ಸ್ವಲ್ಪ ತಿಕ್ಕಿ ಮೊಂಡ ಮಾಡಿಕೋ, ಪೂರಾ ಕೂಡತೈತಿ.

ರಬ್ಬರಿನ ಸಾಮಾನೆಲ್ಲಾ ಮೊದಲ ಹೊರಗ ತಗಿ: ಓ ರಿಂಗ್, ಪ್ಯಾಕಿಂಗ್, ಚೋಕಿನ ಪ್ಲಂಜರ್. ಕಾರ್ಬ್ ಕ್ಲೀನರ್ ಬಡದ್ರ ಅವು ಉಬ್ಬತಾವು. ಉಳಿದದ್ದಕ್ಕ ಕ್ಲೀನರ್ ಹೊಡದು ಅರ್ಧಾ ತಾಸು ಬಿಡು. ಬಯಲಾಗ ಕುಂತು ಮಾಡು, ಒಲಿ, ಗ್ಯಾಸು, ಬೀಡಿ ಹತ್ರ ಬ್ಯಾಡ. ಕಣ್ಣಿಗೆ ಚಷ್ಮಾ ಇರಲಿ.

ಆಮ್ಯಾಲ ಮುಖ್ಯ ಕೆಲಸ. ಕಾರ್ಬೋರೇಟರಿನ ದೊಡ್ಡ ತೂತಿನೊಳಗ ಬೆಳಕು ಬಿಟ್ಟು ತಳ ನೋಡು. ಎರಡು ಸಣ್ಣ ತೂತು ಕಾಣತಾವು: ಒಂದು ಸ್ಲೈಡಿನ ಕೆಳಗ, ಇನ್ನೊಂದು ಅದಕ್ಕಿಂತ ಮುಂದ ಎಂಜಿನ್ ಕಡೆ. ಪೈಲಟ್ ಜೆಟ್ ಕೂಡೋ ತೂತಿಗೆ ಸ್ಪ್ರೇದ ನಳಿಕಿ ಇಟ್ಟು ಒತ್ತು. ಎರಡೂ ತೂತಿನಿಂದ ಚಿಲಕ್ ಅಂತ ಧಾರಿ ಬರಬೇಕು. ಏರ್ ಸ್ಕ್ರೂ ತೂತಿನಿಂದ ಒತ್ತಿದ್ರೂ ಬರಬೇಕು. ಒಂದರಿಂದ ಬಂದು ಇನ್ನೊಂದರಿಂದ ಬರಲಿಲ್ಲಂದ್ರ ಕೆಲಸ ಮುಗದಿಲ್ಲ. ನಿನ್ನ ಗ್ಯಾರೇಜಿನಾಂವ ಮೂರು ಸಲಾನೂ ಇದನ್ನ ನೋಡಿಲ್ಲ. ಜೆಟ್ ಅಷ್ಟ ತಿಕ್ಕಿ ಕೊಟ್ಟಾನ. ಕಡೀಕ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡಸು. ಫ್ಲೋಟ್ (ಬೌಲಿನ್ಯಾಗ ತೇಲೋ ಸಾಮಾನು) ಹಚ್ಚಿಟ್ಟುಕೊಂಡು ಗಾಳಿ ಹೊಡಿಬ್ಯಾಡ, ಹಾಳಾಗತೈತಿ.

ಫ್ಲೋಟ್ ಕಿವಿ ಹತ್ರ ಹಿಡದು ಅಲ್ಲಾಡಿಸು. ಒಳಗ ಪೆಟ್ರೋಲ್ ಸಪ್ಪಳ ಕೇಳಿದ್ರ ತೂತು ಬಿದ್ದೇತಿ. ಫ್ಲೋಟ್ ಏರಿದಾಗ ಪೆಟ್ರೋಲ್ ಬಂದ್ ಮಾಡೋ ಫ್ಲೋಟ್ ನೀಡಲಿನ ತುದಿಗೆ ಉಗುರು ಎಳದು ನೋಡು, ಸುತ್ತ ಗೆರಿ ಹತ್ತಿದ್ರ ಬದಲಿಸು. ಫ್ಲೋಟಿನ ಎತ್ತರ ಅಳಿಯುವಾಗ ನೀಡಲಿನ ಹಿಂದಿನ ಸ್ಪ್ರಿಂಗ್ ಗುಂಡು ಒತ್ತಿರಬಾರದು, ಬರೇ ಮುಟ್ಟಿರಬೇಕು. ಎರಡಕ್ಕೂ ಒಂದ ಅಳತಿ.

ಬೆಟಗೇರಿ ಬುಲೆಟ್ · ಬುಧವಾರ ಸಂಜಿ

ಮಿಸ್ತ್ರಿ ಕಾಕಾರ, ನಡುವ ಒಂದು ಪ್ರಶ್ನೆ. ಸ್ಕ್ರೂ ಹೊರಗ ತಿರುವಿದ್ರ ಪೆಟ್ರೋಲ್ ಹೆಚ್ಚಾಗತೈತಿ ಅಂತ ಒಬ್ಬರು, ಕಡಿಮಿ ಆಗತೈತಿ ಅಂತ ಇನ್ನೊಬ್ಬರು. ಖರೇ ಯಾವುದು? ನಮ್ಮ ಗದಗ ಕಡೆ ಬ್ಯಾಸಗ್ಯಾಗ ಎರಿಹೊಲದ ಧೂಳು ನಿಮಗ ಗೊತ್ತ ಐತಿ. ನನ್ನ ಬುಲೆಟ್ ಮಾರ್ಚ್ ಬಂತಂದ್ರ ಕರಿ ಹೊಗಿ ಉಗಳತೈತಿ. ಒಬ್ಬರು ಫಿಲ್ಟರ್ ತಗದು ಒಗಿ, ಸೌಂಡೂ ಚಲೋ ಬರತೈತಿ ಅಂದ್ರು.

ಹಳೇಹುಬ್ಬಳ್ಳಿ ಮಿಸ್ತ್ರಿ · ಬುಧವಾರ ರಾತ್ರಿ

ಸ್ಕ್ರೂ ಎಲ್ಲೈತಿ ಅನ್ನೋದರ ಮ್ಯಾಲ. ಫಿಲ್ಟರ್ ಕಡೆ ಇದ್ರ ಅದು ಗಾಳಿದು, ಹೊರಗ ತಿರುವಿದ್ರ ಗಾಳಿ ಹೆಚ್ಚಾಗಿ ಪೆಟ್ರೋಲ್ ತೆಳುವಾಗತೈತಿ. ಎಂಜಿನ್ ಕಡೆ ಇದ್ರ ಮಿಶ್ರಣದ್ದು, ಹೊರಗ ತಿರುವಿದ್ರ ಪೆಟ್ರೋಲ್ ಹೆಚ್ಚು. ಇಬ್ಬರೂ ತಮ್ಮ ತಮ್ಮ ಗಾಡಿ ನೋಡಿ ಖರೇನ ಹೇಳ್ಯಾರ. ನೀಡಲಿನ ಕ್ಲಿಪ್ಪಿಂದೂ ಹಂಗ ಗೊಂದಲ ಆಗತೈತಿ. ಕ್ಲಿಪ್ ಒಂದು ಕಚ್ಚು ಕೆಳಗ ಇಳಿಸಿದ್ರ ನೀಡಲ್ ಮ್ಯಾಲ ಏರತೈತಿ, ಪೆಟ್ರೋಲ್ ಜಾಸ್ತಿ.

ಫಿಲ್ಟರ್ ಮಾತ್ರ ಒಗಿಬ್ಯಾಡಪಾ. ಕರಿ ಹೊಗಿ ಬರತೈತಂದ್ರ ಫಿಲ್ಟರ್ ಕಟ್ಟಿ ಗಾಳಿ ಸಾಲವಲ್ತು, ಅಷ್ಟ. ತಗದು ಒಗದ್ರ ಮಿಶ್ರಣ ತೆಳುವಾಗಿ ಬಿಸಿ ಏರತೈತಿ, ಆ ಎರಿಮಣ್ಣೆಲ್ಲಾ ಬೋರಿನ್ಯಾಗ ಹೋಗಿ ರಿಂಗ್ ಅರೀತಾವು. ಫೋಮ್ ಇದ್ರ ಸೀಮೆಎಣ್ಣಿಯಾಗ ಹಿಂಡಿ, ಸಾಬಾಣ ನೀರಾಗ ತೊಳದು, ನೆರಳಾಗ ಒಣಗಿಸಿ, ಸ್ವಲ್ಪ ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕು. ಕಾಗದದ್ದಿದ್ರ ಹೊಸಾದು ಹಾಕು.

ಕೆಲಗೇರಿ ಯೆಜ್ಡಿ · ಗುರುವಾರ ಮಧ್ಯಾಹ್ನ

ನಮಸ್ಕಾರ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಅಪ್ಪನ ಯೆಜ್ಡಿ ಇದೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಸಾಧನಕೇರಿಯವರು ಹೇಳಿದ ಆ ಬಿಳಿ ಪುಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು ಅನಿಸಿತು.

ಅದು ಕಾರ್ಬೋರೇಟರಿನ ಲೋಹವೇ ತಿಂದುಹೋಗಿ ಬಂದದ್ದು. ಪೆಟ್ರೋಲು ನೀರನ್ನು ಹೀರುವುದಿಲ್ಲ, ಅದರಲ್ಲಿ ಬೆರೆಸುವ ಎಥೆನಾಲ್ (ಒಂದು ಬಗೆಯ ಮದ್ಯಸಾರ) ಹೀರುತ್ತದೆ. ನಮ್ಮ ಮಳೆಗಾಲದ ತೇವ ಗಾಳಿಯಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟರೆ ಎಥೆನಾಲ್ ನಿಧಾನವಾಗಿ ನೀರು ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಬೌಲಿನ ತಳ ಅಂದರೆ ಜೆಟ್ ಇರುವ ಜಾಗವೇ. ಮಾಮಾನ ಗಾಡಿ ನಿಂತಾಗ ಪೆಟ್ರೋಲಿನಲ್ಲಿ ಎಥೆನಾಲ್ ಕಡಿಮೆ ಇತ್ತು. 2023ರಿಂದ ಬಂಕುಗಳಿಗೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ಬರತೊಡಗಿದೆ, ಆದ್ದರಿಂದ ಇನ್ನು ಮೇಲೆ ಈ ಎಚ್ಚರ ಹೆಚ್ಚು ಬೇಕು.

ಮನೆಯಲ್ಲೇ ನೋಡಬಹುದು. 100 ಮಿಲಿಲೀಟರಿನ ಅಳತೆಯ ಗಾಜಿನ ಕೊಳವೆಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲು ಹಾಕಿ ಅಲುಗಿಸಿ ಹತ್ತು ನಿಮಿಷ ಬಿಡಿ. ಕೆಳಗಿನ ನೀರಿನ ಪದರ 10ರಲ್ಲಿ ನಿಲ್ಲುವುದಿಲ್ಲ. ಎಥೆನಾಲ್ ಶೇಕಡಾ 20 ಇದ್ದರೆ ಸುಮಾರು 28ರ ತನಕ ಏರುತ್ತದೆ. ಮೊದಲ ಸಲ ನೋಡಿದಾಗ ಅಪ್ಪ ಆ ಕೊಳವೆಯನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ಟ್ಯೂನಿಂಗಿಗೆ ಸಂಬಂಧಪಟ್ಟ ಲೆಕ್ಕವೂ ಇದೆ. ಒಂದು ಕಿಲೋ ಬರೀ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ 9 ಕಿಲೋ ಸಾಕು. ಶೇಕಡಾ 20ರ ಮಿಶ್ರಣಕ್ಕೆ ಇದು ಸುಮಾರು 13.5 ಆಗುತ್ತದೆ. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಸುಮಾರು ಒಂಬತ್ತರಷ್ಟು ಹೆಚ್ಚು ಇಂಧನ ಹೋಗಬೇಕು. ಹೊಸ ಗಾಡಿಗಳಲ್ಲಿ ಸೆನ್ಸರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ನಮ್ಮ ಹಿತ್ತಾಳೆ ಜೆಟ್ಟಿಗೆ ಏನು ಗೊತ್ತು? 1986ರ ಪೆಟ್ರೋಲಿಗೆ ಸರಿಯಿದ್ದ ಜೆಟ್ಟು ಇಂದಿನ ಪೆಟ್ರೋಲಿಗೆ ತೆಳುವಾಗುತ್ತದೆ. ಟೂ ಸ್ಟ್ರೋಕಿನಲ್ಲಿ ತೆಳು ಅಂದರೆ ಪಿಸ್ಟನ್ನಿಗೆ ಅಪಾಯ. ನಮ್ಮ ಯೆಜ್ಡಿಗೆ ನಾನು ನೀಡಲ್ ಒಂದು ಹಂತ ಏರಿಸಿದ್ದೇನೆ, ಪೆಟ್ರೋಲ್ ಪೈಪ್ ಎಥೆನಾಲ್ ತಾಳುವ ರಬ್ಬರಿನದು ಹಾಕಿದ್ದೇನೆ. ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಕಾಕ್ ಬಂದ್ ಮಾಡಿ ಬೌಲ್ ಖಾಲಿ ಮಾಡುತ್ತೇನೆ.

ಹಳೇಹುಬ್ಬಳ್ಳಿ ಮಿಸ್ತ್ರಿ · ಗುರುವಾರ ರಾತ್ರಿ

ಅಕ್ಕಾರ, ಪೆಟ್ರೋಲ್ ಬದಲಾಗೇತಿ ಅಂತ ಪ್ಲಗ್ಗಿನ ಬಣ್ಣ ನೋಡಿ ಗೊತ್ತಿತ್ತು, ಲೆಕ್ಕಾ ಗೊತ್ತಿರಲಿಲ್ಲ. ಹಳೇ ಸೆಟ್ಟಿಂಗಿಗೆ ಪ್ಲಗ್ ಬೆಳ್ಳಗ ಬರಾಕ ಹತ್ತಿದ್ದು ಯಾಕಂತ ಈಗ ತಿಳೀತು. ಭಾಳ ಉಪಕಾರ ಆತು.

ಸಾಧನಕೇರಿ 350 · ಮುಂದಿನ ವಾರ, ಶನಿವಾರ

ಜೆಟ್ ಬೆಂಗಳೂರಿಂದ ಪಾರ್ಸೆಲ್ ಬಂದವು. ಎಡಗಡೆ ಮುಂದಿನ ತೂತಿನಿಂದ ಧಾರಿ ಬರಾಕ ಮೂರು ದಿನ ಹಿಡೀತು. ಕ್ಲೀನರ್ ಹೊಡಿಯೋದು, ರಾತ್ರಿ ಬಿಡೋದು, ಮುಂಜಾನೆ ಗಾಳಿ ಹೊಡಸೋದು. ಮೂರನೇ ದಿನ ಮೊದಲ ಕಂದು ನೀರು ತೊಟಕತು, ಆಮ್ಯಾಲ ಧಾರಿ ಗ್ವಾಡಿಗೆ ಹೋಗಿ ಬಡೀತು. ಈಗ ಜೋಡಿಸಬೇಕು. ಎರಡನ್ನೂ ಸಮ ಮಾಡೋದು ಹೆಂಗ?

ಹಳೇಹುಬ್ಬಳ್ಳಿ ಮಿಸ್ತ್ರಿ · ಶನಿವಾರ ರಾತ್ರಿ

ಫಿಲ್ಟರ್ ಕಡೆ ರಬ್ಬರ್ ಹಚ್ಚಬ್ಯಾಡ, ಸ್ಲೈಡ್ ಕಣ್ಣಿಗೆ ಕಾಣಬೇಕು. ಕೇಬಲ್ ಪೂರಾ ಸಡಲ ಮಾಡು, ಸ್ಲೋ ಸ್ಕ್ರೂ ಎರಡೂ ಹೊರಗ ತಗಿ, ಸ್ಲೈಡ್ ತಳಕ್ಕ ಕೂಡಲಿ. ಈಗ ಒಂದ ಅಳತಿಯ ಎರಡು ಡ್ರಿಲ್ ಬಿಟ್ ತಗೊಂಡು ನುಣುಪು ಕಡೆಯಿಂದ ಎರಡೂ ಸ್ಲೈಡಿನ ಕೆಳಗ ಇಡು. ಸ್ಕ್ರೂ ಸಾವಕಾಶ ಒಳಗ ತಿರುವು. ಬಿಟ್ ಎಳದ್ರ ಎರಡೂ ಕಡೆ ಒಂದ ಸಮ ಬಿಗಿಯಿಂದ ಸರೀಬೇಕು.

ಆಮ್ಯಾಲ ಕೇಬಲ್. ಎರಡೂ ಕೈಯ ತೋರಬೆರಳು ಎರಡು ಸ್ಲೈಡಿಗೆ ಮುಟ್ಟಿಸಿ ಕಣ್ಣು ಮುಚ್ಚು, ಇನ್ನೊಬ್ಬರು ರೇಸ್ ಸಾವಕಾಶ ತಿರುವಲಿ. ಎರಡೂ ಬೆರಳಿಗೆ ಒಮ್ಮೆಲೇ ಎಬ್ಬಿದಂಗ ಆಗಬೇಕು. ಒಂದು ಕೂದಲೆಳಿ ಮುಂಚೆ ಎದ್ರೂ ಬೆರಳಿಗೆ ತಿಳೀತೈತಿ, ಕಣ್ಣಿಗೆ ತಿಳಿಯಂಗಿಲ್ಲ. ಹಿಂದ ಬಿದ್ದದ್ದರ ಮ್ಯಾಲಿನ ಅಡ್ಜಸ್ಟರ್ ತಿರುವು. ಪೂರಾ ರೇಸಿಗೆ ಎರಡೂ ತೂತು ಬಿಟ್ಟು ಮ್ಯಾಲ ಹೋಗಬೇಕು. ಹ್ಯಾಂಡಲ್ ಎಡಾ ಬಲಾ ಪೂರಾ ತಿರುವಿದಾಗ ಸ್ಲೋ ಏರಬಾರದು.

ಏರ್ ಸ್ಕ್ರೂ ಮೆತ್ತಗ ತಳ ಮುಟ್ಟಿಸಿ ಒಂದೂವರಿ ಸುತ್ತು ಹೊರಗ. ಇದು ಸುರುವಾತಿಗೆ ಅಷ್ಟ. ಹತ್ತು ನಿಮಿಷ ಗಾಡಿ ಓಡಿಸಿ ಬಿಸಿ ಮಾಡಿ ಬಾ. ತಣ್ಣನ್ನ ಎಂಜಿನ್ನಿನ ಮ್ಯಾಲ ಮಾಡಿದ ಸೆಟ್ಟಿಂಗ್ ಕೆಲಸಕ್ಕ ಬರಂಗಿಲ್ಲ. ಆಮ್ಯಾಲ ಒಂದೊಂದ ಸಿಲಿಂಡರ್ ಕೇಳು: ಒಂದರ ಕ್ಯಾಪ್ ತಗದು, ಆ ಕ್ಯಾಪಿಗೆ ಬ್ಯಾರೆ ಪ್ಲಗ್ ಹಾಕಿ ಎಂಜಿನ್ನಿಗೆ ತಾಗಿಸಿಡು, ಬರೇ ತೂಗಾಡಾಕ ಬಿಡಬ್ಯಾಡ. ಕಾಲು ಕಾಲು ಸುತ್ತು ತಿರುವಿ ಎಲ್ಲಿ ಸಪ್ಪಳ ಏರಿ ನಿಲ್ಲತೈತೋ ಅಲ್ಲಿ ಬಿಡು. ಒಂದು ಸಲಕ್ಕ ಒಂದ ಸ್ಕ್ರೂ, ತಿರುವಿದ್ದೆಲ್ಲಾ ಚೀಟಿಯಾಗ ಬರೀಬೇಕು. ಗಾಡಿಯ ಆಯಿಲ್ ಪಂಪಿನ ಮ್ಯಾಲ ಭರವಸಾ ಬರೋತನಕ ಟ್ಯಾಂಕಿನ್ಯಾಗ ಲೀಟರಿಗೆ 20 ಮಿಲಿ ಟೂಟಿ (ಟೂ ಸ್ಟ್ರೋಕಿನ) ಆಯಿಲ್ ಇರಲಿ.

ಸಾಧನಕೇರಿ 350 · ರವಿವಾರ ರಾತ್ರಿ

ಎರಡೂ ಹೊಡಿತಾವು ಕಾಕಾರ! ಎಡಗಡೆ ಸೈಲೆನ್ಸರ್ ಬಿಸಿ. ಆದ್ರ ಹೊಸಾ ತ್ರಾಸು ಸುರು ಆಗೇತಿ. ಬಿಸಿ ಆದ ಮ್ಯಾಲ ರೇಸ್ ಬಿಟ್ರ ಸಪ್ಪಳ ಕೆಳಗ ಇಳಿಯಂಗಿಲ್ಲ, ಮ್ಯಾಲ ತೇಲಾಡತೈತಿ. ಎಡಗಡೆ ಪ್ಲಗ್ ಬೆಳ್ಳಗ, ಬಲಗಡೆದು ಕಂದು. ಏರ್ ಸ್ಕ್ರೂ ಎಷ್ಟು ಒಳಗ ಹಾಕಿದ್ರೂ ಫರಕ ಇಲ್ಲ.

ಹಳೇಹುಬ್ಬಳ್ಳಿ ಮಿಸ್ತ್ರಿ · ರವಿವಾರ ರಾತ್ರಿ

ಓಡಸೂದು ನಿಲ್ಲಸು. ಎಡಕ್ಕ ಎಲ್ಲಿಂದಲೋ ಕಳ್ಳಗಾಳಿ ಬರಾಕ ಹತ್ತೇತಿ. ಸ್ಲೋದಾಗ ಇಟ್ಟು ಕಾರ್ಬೋರೇಟರ್ ಎಂಜಿನ್ನಿಗೆ ಕೂಡೋ ರಬ್ಬರಿನ ಸುತ್ತ ಸ್ವಲ್ಪ ಸ್ವಲ್ಪ ಕ್ಲೀನರ್ ಹೊಡಿ, ಸೈಲೆನ್ಸರಿಗೆ ತಾಗಬಾರದು. ಸಪ್ಪಳ ಬದಲಾದ್ರ ಅಲ್ಲೇ ಸೀಳೇತಿ. ಬದಲಾಗಲಿಲ್ಲಂದ್ರ ಎಡಗಡೆ ಮ್ಯಾಗ್ನೆಟ್ ಕವರ್ ತಗದು ಕ್ರ್ಯಾಂಕ್ ಸೀಲ್ (ಕ್ರ್ಯಾಂಕಿನ ತುದಿಗೆ ಗಾಳಿ ತಡಿಯೋ ರಬ್ಬರ್ ಬಳಿ) ಹತ್ರ ಕ್ಲೀನರ್ ಹೊಡದು ನೋಡು. ಟೂ ಸ್ಟ್ರೋಕಿನ್ಯಾಗ ಕ್ರ್ಯಾಂಕ್ ಕೋಣಿನೂ ಗಾಳಿ ಎಳೀತೈತಿ. ಒಂಬತ್ತು ವರ್ಷ ನಿಂತ ಗಾಡಿಯ ಸೀಲ್ ಒಣಗಿ ಕಟ್ಟಿಗಿ ಆಗಿರತೈತಿ. ಕ್ಲಚ್ ಕಡೆ ಸೀಲ್ ಹೋಗಿದ್ರ ಗೇರ್ ಆಯಿಲ್ ಎಳದು ಬಿಳಿ ಹೊಗಿ ಬರತಿತ್ತು. ನಿನಗ ಬಂದಿಲ್ಲ, ಆದ್ರೂ ಎರಡೂ ಬದಲಿಸು.

ಸಾಧನಕೇರಿ 350 · ಹದಿನೈದು ದಿನ ಆದ ಮ್ಯಾಲ

ಸೀಲೇ ಆಗಿತ್ತು. ರಬ್ಬರಿಗೆ ಕ್ಲೀನರ್ ಹೊಡದಾಗ ಏನೂ ಆಗಲಿಲ್ಲ, ಮ್ಯಾಗ್ನೆಟ್ ಹಿಂದ ಹೊಡದ ಕೂಡಲೇ ಸಪ್ಪಳ ಕುಸೀತು. ಹಳೇ ಸೀಲಿನ ತುಟಿ ಬೆರಳಿಂದ ಮಡಚಿದ್ರ ಚಟ್ ಅಂತ ಮುರೀತು. ಹುಬ್ಬಳ್ಳಿಯೊಳಗ ಒಬ್ಬ ಹಳೇ ಕೆಲಸಗಾರರು ಎರಡೂ ಬದಲಿಸಿ ಕೊಟ್ರು. ನಾನು ಹತ್ರ ನಿಂತು ನೋಡಿದೆ.

ಅಕ್ಕಾರು ಹೇಳಿದಂಗ ಎರಡೂ ಕಡೆ ನೀಡಲ್ ಒಂದು ಹಂತ ಏರಿಸಿ, ನಸುಕಿನ್ಯಾಗ ಅಮ್ಮಿನಬಾವಿ ಕಡೆ ಖಾಲಿ ರಸ್ತಾಕ್ಕ ಹೋದೆ. ಬೈಪಾಸಿಗೆ ಹೋಗಲಿಲ್ಲ, ಅಲ್ಲಿ ಲಾರಿ ನಡುವ ಇಂಥಾ ಪರೀಕ್ಷಾ ಯಾರೂ ಮಾಡಬಾರದು. ಅರ್ಧಾ ರೇಸಿನ್ಯಾಗ ಓಡಿಸಿ, ಕ್ಲಚ್ ಹಿಡದು ಕೀಲಿ ಬಂದ್ ಮಾಡಿ, ಗಾಡಿ ನಿಂತಲ್ಲೇ ಪ್ಲಗ್ ತಗದೆ. ಎರಡೂ ಲೈನ್ ಬಜಾರಿನ ಫೇಡಾದ ಬಣ್ಣ, ಒಳಗಿನ ಫೇಡಾ, ಮ್ಯಾಲಿನ ಸಕ್ಕರಿ ಬಿಟ್ಟು.

ಹಳೇಹುಬ್ಬಳ್ಳಿ ಮಿಸ್ತ್ರಿ · ಅವತ್ತ ರಾತ್ರಿ

ಶಾಬಾಸ್ ತಮ್ಮಾ. ಇನ್ನೊಂದು ಕೆಲಸ ಉಳದೈತಿ, ಇದನ್ನ ಮರತು ಎಷ್ಟೋ ಜನ ಪಿಸ್ಟನ್ ಕಳಕೊಂಡಾರ. ಕಾರ್ಬೋರೇಟರಿನ ಕೇಬಲ್ ಸರಿ ಮಾಡಿದ ಮ್ಯಾಲ ಆಯಿಲ್ ಪಂಪಿನ ಕೇಬಲ್ಲೂ ಹೊಂದಿಸಬೇಕು. ಬಲಗಡೆ ಕವರ್ ತಗದ್ರ ಪಂಪಿನ ಗಾಲಿ ಮ್ಯಾಲ ಗುರುತು ಐತಿ. ಮ್ಯಾನುವಲ್ಲಿನ್ಯಾಗ ಹೇಳಿದಷ್ಟು ರೇಸ್ ತಿರುವಿದಾಗ ಆ ಗುರುತು ಪಿನ್ನಿಗೆ ಬರೋಬರಿ ಕೂಡಬೇಕು. ಹಿಂದ ಬಿದ್ರ ಎಂಜಿನ್ನಿಗೆ ಆಯಿಲ್ ಸಾಲಂಗಿಲ್ಲ. ಪೈಪಿನ್ಯಾಗ ಗಾಳಿಗುಳ್ಳಿ ಇದ್ರ ತಗಿ. ಅಲ್ಲೀತನಕ ಟ್ಯಾಂಕಿನ ಆಯಿಲ್ ಬಿಡಬ್ಯಾಡ.

ಸಾಧನಕೇರಿ 350 · ಮರುದಿನ

ಗುರುತು ಹಿಂದ ಬಿದ್ದಿತ್ತು ಕಾಕಾರ, ಒಂದು ಗೋದಿ ಕಾಳಿನಷ್ಟು. ಸರಿ ಮಾಡೀನಿ, ಗಾಳಿನೂ ತಗದೀನಿ.

ಸಂಜಿಮುಂದ ಅತ್ತಿಯ ಮನಿಗೆ ಹೋಗಿದ್ದೆ. ಗಾಡಿ ಸ್ಲೋದಾಗ ಬಿಟ್ಟು ಇಳದೆ. ಅತ್ತಿ ಬಾಗಲದಿಂದ ಇಳದು ಬಂದು, ಎಡಗಡೆ ಸೈಲೆನ್ಸರಿನ ಹಿಂದ ಹೊಗಿಗೆ ಅಂಗೈ ಹಿಡದ್ರು, ಆಮ್ಯಾಲ ಬಲಗಡೆಗೆ ಹಿಡದ್ರು. "ನಿಮ್ಮ ಮಾಮಾನೂ ದಿನಾ ಹಿಂಗ ನೋಡತಿದ್ರು" ಅಂದ್ರು.

ರಾಣೆಬೆನ್ನೂರ ಆರೆಕ್ಸ್ · ಮರುದಿನ ರಾತ್ರಿ

ಅಣ್ಣಾ, ನನ್ನ ಹಳೇ ಕಾರ್ಬೋರೇಟರ್ ಇನ್ನೂ ಅಟ್ಟದ ಮ್ಯಾಲ ಐತಿ. ಇವತ್ತ ಇಳಿಸಿ ಬಿಚ್ಚೀನಿ. ಪೈಲಟ್ ಜೆಟ್ ಬೆಳಕಿಗೆ ಹಿಡದೆ, ತೂತು ದುಂಡಗಿಲ್ಲ, ಒಂದು ಕಡೆ ಚೂಪು. ಜೆಟ್ ಎಲ್ಲಿಂದ ತರಿಸಿದಿ, ಅಡ್ರೆಸ್ ಖಾಸಗಿ ಕಳಸು.